ಮಳೆಗಾಲದ ಭತ್ಯೆ

ಅಂಕೋಲಾ
12 ನವೆಂಬರ್ 2024

ಪ್ರಿಯ ಸತೀಶ,

ಈ ಕಾಲದಲ್ಲಿ ನಿನ್ನ ಮಂಗೇಶಣ್ಣನ ಹೆಂಡತಿ, ನಿನ್ನ ವೈನಿ, ಯಾಕೆ ಕಾಗದ ಬರೆದಳು ಎಂದು ನಿನಗೆ ಅನಿಸಬಹುದು. ನನ್ನ ಫೋನು ಯಾವಾಗಲೂ ಮಗಳು ನಿಶಾಳ ಕೈಯಲ್ಲಿರುತ್ತದೆ, ಅವಳು ಕಂಡದ್ದನ್ನೆಲ್ಲ ಅಪ್ಪನಿಗೆ ಹೇಳುವವಳು. ಅಂಗಡಿಯ ಫೋನಿನಲ್ಲಿ ಮಾತಾಡಿದರೆ ಸಾಲಿನಲ್ಲಿ ನಿಂತವರೆಲ್ಲ ಕಿವಿ ಕೊಡುತ್ತಾರೆ. ಈ ವಿಷಯ ಇವರಿಗೂ ಕೇಳಬಾರದು, ಊರಿಗೂ ಕೇಳಬಾರದು. ಉತ್ತರವನ್ನು ನೀನು ಮನೆಗೆ ಬರೆಯಬೇಡ. ತಾಲೂಕು ಕಚೇರಿಯ ಎದುರಿನ ನಮ್ಮ ಝೆರಾಕ್ಸ್ ಅಂಗಡಿಯ ವಿಳಾಸ ಲಕೋಟೆಯ ಹಿಂದಿದೆ.

ಕಳೆದ ವಾರ ಇವರ ಜೊತೆ ಕಾವಲಿಗೆ ನಿಲ್ಲುವ ಜಟ್ಟು ಮಾಮ ಪಾಸ್‌ಬುಕ್ಕಿನ ಪ್ರತಿ ಮಾಡಿಸಲು ಅಂಗಡಿಗೆ ಬಂದಿದ್ದ. ಹಾಳೆ ತಿರುಗಿಸುತ್ತಾ, "ಮಳೆ ಭತ್ಯೆ ಜಮಾ ಆಯ್ತು ನೋಡು. ನಿಮ್ಮ ಮಂಗೇಶಂದೂ ಬಂತಲ್ಲನಾ?" ಎಂದ. ನಾನು ಬಂತು ಎಂದೆ. ಹಾಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಬಂದಿಲ್ಲ ಎಂದರೆ ಅವನ ಮುಖದಲ್ಲಿ ಏನೋ ಕಾಣಿಸುತ್ತದೆ, ಅದನ್ನು ನೋಡುವುದು ಬೇಡ ಎನಿಸಿತು.

ಇವರು ನನಗೆ ಹೇಳಿದ್ದೇ ಬೇರೆ. ಈ ವರ್ಷ ಯಾರಿಗೂ ಭತ್ಯೆ ಇಲ್ಲ, ಮೇಲಿನಿಂದಲೇ ನಿಲ್ಲಿಸಿದ್ದಾರೆ ಎಂದಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿಬಾಗದ ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ಕಾಯುತ್ತಾ ನೆನೆದುಕೊಂಡು ನಿಲ್ಲುವ ಹಂಗಾಮಿ ಕಾವಲುಗಾರರಿಗೆ ಸಂಬಳದ ಮೇಲೆ ಸಿಗುವುದು ಅದೊಂದೇ. ಜಟ್ಟು ಮಾಮನಿಗೆ ಬಂದದ್ದು ಇವರಿಗೆ ಯಾಕೆ ಬರಲಿಲ್ಲ? ಗುತ್ತಿಗೆದಾರ ರಾಮನಾಥ ನುಂಗಿದನೇ? ನುಂಗಿದ್ದರೆ ಇವರು ಸುಮ್ಮನಿರುವುದು ಯಾಕೆ?

ನೀನು ಈ ಸಲದ ಮಳೆಗಾಲದವರೆಗೂ ಇವರ ಜೊತೆ ಅದೇ ಮರಳಿನಲ್ಲಿ ಸೀಟಿ ಊದಿದವನು. ಈಗ ಕಾರವಾರದ ಕಡಲತೀರ ಸುರಕ್ಷಾ ಘಟಕದ ಕಚೇರಿಯಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದೀಯ. ಒಮ್ಮೆ ನೋಡಿ ಹೇಳು. ಇವರಿಗೆ ಮಾತ್ರ ಹೇಳಬೇಡ.

ನಿನ್ನ,
ಸುಗಂಧಾ ವೈನಿ

*

ಕಾರವಾರ
20 ನವೆಂಬರ್ 2024

ಸುಗಂಧಾ ವೈನಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಭತ್ಯೆಯ ಕಡತ ನನ್ನ ಟೇಬಲ್ಲಿಗೆ ಬರುವುದಿಲ್ಲ. ನಾನು ಇಲ್ಲಿ ಬರೀ ಹಾಜರಿ ಟೈಪು ಮಾಡುವವನು. ನೀವು ಮಂಗೇಶಣ್ಣನನ್ನೇ ಕೇಳಿದರೆ ಒಳ್ಳೆಯದು. ಆದರೆ ಒತ್ತಾಯ ಮಾಡಿ ಕೇಳಬೇಡಿ.

ನಿಶಾ ಚೆನ್ನಾಗಿ ಓದುತ್ತಿದ್ದಾಳೆ ಎಂದುಕೊಂಡಿದ್ದೇನೆ.

ಇಂತಿ,
ಸತೀಶ

*

ಅಂಕೋಲಾ
2 ಡಿಸೆಂಬರ್ 2024

ಶ್ರೀ ಸತೀಶ ಬಾಂದೇಕರ ಅವರಿಗೆ,

ನಿಮ್ಮ ಉತ್ತರ ಓದಿದೆ. ಓದಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ನಮ್ಮ ಮನೆಗೆ ಬಂದರೆ ಅಡುಗೆಮನೆಯ ಬಾಗಿಲಲ್ಲೇ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದವರು ನೀವು. ಕಚೇರಿಯ ಕುರ್ಚಿ ಸಿಕ್ಕಿದ ಮೇಲೆ ನಾಲ್ಕು ಸಾಲಿಗೆ ಇಳಿದಿರಿ.

ನೀವು ಹೇಳಿದ ಹಾಗೆ ಇವರನ್ನು ಕೇಳಿದೆ. ಊಟಕ್ಕೆ ಕೂತಿದ್ದರು. "ಜಟ್ಟು ಮಾಮನಿಗೆ ಭತ್ಯೆ ಬಂದದಂತೆ, ನಿಮ್ಮದೆಲ್ಲಿ?" ಎಂದೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು. "ನಿಂಗ್ಯಾರು ಹೇಳಿದ್ದು?" ಎಂದಷ್ಟೇ ಕೇಳಿ ಎದ್ದು ಹೋಗಿ ಕೈ ತೊಳೆದರು. ಆಮೇಲೆ ಆ ಮಾತಿಲ್ಲ. ಬೈದಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಿಕ್ಕಿಬಿದ್ದವರ ಹಾಗಿತ್ತು.

ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ಮಳೆಗಾಲ ಮುಗಿಯುತ್ತಲೇ ನಿಮ್ಮೊಬ್ಬರಿಗೆ ಮಾತ್ರ ಕಚೇರಿಯ ಕೆಲಸ ಹೇಗೆ ಸಿಕ್ಕಿತು? ಅಲ್ಲಿಯ ಗುತ್ತಿಗೆಯೂ ರಾಮನಾಥನದ್ದೇ ಎಂದು ಅಂಗಡಿಗೆ ಬರುವವರು ಹೇಳುತ್ತಾರೆ. ಇನ್ನೊಂದು ವಿಷಯ. ನಿಮ್ಮ ಲಕೋಟೆಯ ಅಂಟು ಎರಡು ಸಲ ಹಚ್ಚಿದಂತಿತ್ತು. ನೀವೇ ತೆರೆದು ಮತ್ತೆ ಅಂಟಿಸಿದಿರೋ, ಬೇರೆ ಯಾರಾದರೂ ಓದಿದರೋ?

ಇವತ್ತು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ಊರಿನವರ ಅರ್ಜಿಗಳನ್ನು ದಿನವೂ ಟೈಪು ಮಾಡಿ ಕೊಡುವವಳು ನಾನು, ನನ್ನ ಹೆಸರಿನಲ್ಲಿ ಹಾಕಿದ್ದು ಇದೇ ಮೊದಲು. ಎರಡು ವಿಷಯ ಕೇಳಿದ್ದೇನೆ. ಹಂಗಾಮಿ ಕಾವಲುಗಾರರ ಭತ್ಯೆಯ ಆದೇಶ ಒಂದು. ಮಂಗೇಶ ಗಾಂವಕರ ಎಂಬವರ ಭತ್ಯೆಗೆ ಸಂಬಂಧಿಸಿದ ಎಲ್ಲ ಕಾಗದಗಳು ಇನ್ನೊಂದು. ಪೋಸ್ಟಲ್ ಆರ್ಡರ್ ಲಗತ್ತಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಯಾಯಿತು. ಇನ್ನು ಯಾರ ಟೇಬಲ್ಲಿಗೆ ಯಾವ ಕಡತ ಬರುತ್ತದೆ ನೋಡೋಣ.

ಸುಗಂಧಾ ಮಂಗೇಶ ಗಾಂವಕರ

*

ಕಾರವಾರ
11 ಡಿಸೆಂಬರ್ 2024

ವೈನಿ,

ನೀವು ನನ್ನನ್ನು 'ಅವರಿಗೆ' ಎಂದು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಆ ಲಕೋಟೆಯನ್ನು ನಾನೇ ತೆರೆದದ್ದು. ಮೊದಲು ಬರೆದದ್ದು ಬೇರೆ ಕಾಗದ, ಅದನ್ನು ತೆಗೆದು ಹರಿದು ಇನ್ನೊಂದು ಬರೆದು ಹಾಕಿದೆ.

ನಿಮ್ಮ ಅರ್ಜಿ ನಮ್ಮ ಮಾಹಿತಿ ಅಧಿಕಾರಿ ವನಮಾಲಾ ಹೆಗಡೆ ಮೇಡಂ ಅವರ ಟೇಬಲ್ಲಿನ ಮೇಲಿದೆ. ಅವರು ಯಾರ ಮಾತಿಗೂ ಬಗ್ಗುವವರಲ್ಲ, ಕಾನೂನಿನಲ್ಲಿ ಇದ್ದದ್ದನ್ನು ಕೊಟ್ಟೇ ಕೊಡುತ್ತಾರೆ. ನನ್ನ ಹೆದರಿಕೆಯೇ ಅದು. ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ಮೊದಲನೆಯ ವಿಷಯ ಇರಲಿ, ಎರಡನೆಯದನ್ನು ಹಿಂದಕ್ಕೆ ಪಡೆಯಿರಿ. ಒಂದು ಸಾಲಿನ ಕಾಗದ ಕಳಿಸಿದರೆ ಸಾಕು.

ಯಾಕೆ ಎಂದು ಕೇಳಬೇಡಿ. ನಾನು ಮಾತು ಕೊಟ್ಟವನು.

ಸತೀಶ

*

ಅಂಕೋಲಾ
30 ಡಿಸೆಂಬರ್ 2024

ಶ್ರೀ ಸತೀಶ ಅವರಿಗೆ,

ಮಾತು ಕೊಟ್ಟದ್ದು ಯಾರಿಗೆ? ರಾಮನಾಥನಿಗೋ?

ಮೊನ್ನೆ ಅವನೇ ಅಂಗಡಿಗೆ ಬಂದ. ಕಾರನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ಆಧಾರ್ ಕಾರ್ಡಿನ ಒಂದೇ ಒಂದು ಪ್ರತಿ ಬೇಕು ಎಂದ. ಅಂಥವನಿಗೆ ಕಚೇರಿಯಲ್ಲಿ ಮಷಿನ್ ಇಲ್ಲವೇ? ಪ್ರತಿ ಕೈಗೆ ಕೊಡುವಾಗ, "ನೀವು ಮಂಗೇಶನ ಮನೆಯವ್ರಲ್ಲನಾ?" ಎಂದ. ಹೌದೆಂದೆ.

"ಕಾಗದ ಬರಿಯೂದು ಚಂದದ ಅಭ್ಯಾಸ. ಯಾರಿಗೆ ಬರಿತೇವೆ ಅಂತ ಸ್ವಲ್ಪ ನೋಡ್ಕಂಡು ಬರೀಬೇಕು."

"ನೋಡೇ ಬರ್ದದ್ದು," ಎಂದೆ.

ಅವನು ನಕ್ಕ. "ಬರೂ ಮಳೆಗಾಲಕ್ಕೂ ದಂಡೆ ಮೇಲೆ ಜನ ಬೇಕು. ಯಾರನ್ನ ತಕಂಬೂದು ಅಂತ ನಾನಿನ್ನೂ ನೋಡ್ಲಿಲ್ಲ," ಎಂದು ಹೇಳಿ, ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದ. ಅವನು ಹೋದ ಮೇಲೆ ಮಷಿನ್ನಿನಲ್ಲಿ ಕಾಗದ ಸಿಕ್ಕಿಕೊಂಡಿತು. ಅದನ್ನು ಹರಿದೇ ತೆಗೆದೆ.

ನಾನು ಕಾಗದ ಬರೆದದ್ದು ಇಬ್ಬರಿಗೆ. ಒಂದು ಸರಕಾರಿ ಕಚೇರಿಗೆ, ಇನ್ನೊಂದು ನಿಮಗೆ. ಯಾರು ಹೇಳಿದರೆಂದು ನಾನು ಬೇರೆ ಕಡೆ ಹುಡುಕಬೇಕೇ?

ಇನ್ನೊಂದು ಸಂಗತಿ ನಿಮಗೆ ಗೊತ್ತಿರಲೇಬೇಕು. ಇವರು ಎರಡು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೊರಡುತ್ತಾರೆ. ಬಾಳೆಗುಳಿಯ ಒಂದು ಹೋಟೆಲಿನಲ್ಲಿ ಪೇಂಟಿಂಗ್ ಕೆಲಸ ಸಿಕ್ಕಿದೆ ಎನ್ನುತ್ತಾರೆ. ಬಟ್ಟೆಗೆ ಬಣ್ಣದ ಒಂದು ಹನಿಯೂ ಅಂಟಿದ್ದನ್ನು ನಾನು ಕಂಡಿಲ್ಲ. ಆ ಹೋಟೆಲಿನವರು ಬಿಲ್ಲು ಪುಸ್ತಕ ಮಾಡಿಸಲು ನಮ್ಮಲ್ಲಿಗೇ ಬರುವವರು. ಕೇಳಿದೆ. "ನಮ್ಮಲ್ಲಿ ಎಂತ ಪೇಂಟಿಂಗೂ ಇಲ್ಲ ಅಕ್ಕಾ," ಎಂದರು.

ಎರಡನೆಯ ವಿಷಯವನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ.

ಸುಗಂಧಾ

*

ಕಡಲತೀರ ಸುರಕ್ಷಾ ಘಟಕ, ಕಾರವಾರ
ದಿನಾಂಕ: 10 ಜನವರಿ 2025

ಇವರಿಗೆ,
ಶ್ರೀಮತಿ ಸುಗಂಧಾ ಮಂಗೇಶ ಗಾಂವಕರ, ಅಂಕೋಲಾ

ವಿಷಯ: ಹಂಗಾಮಿ ಕಾವಲುಗಾರರ ಭತ್ಯೆ ಕುರಿತು ಮಾಹಿತಿ ಕೋರಿರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಕೋರಿರುವ ಮೊದಲನೆಯ ಅಂಶದ ಮಾಹಿತಿಯನ್ನು (ಭತ್ಯೆ ಮಂಜೂರಾತಿ ಆದೇಶದ ಪ್ರತಿ) ಇದರೊಂದಿಗೆ ಲಗತ್ತಿಸಿದೆ.

ಎರಡನೆಯ ಅಂಶದ ಮಾಹಿತಿಯು ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದಾಗಿದ್ದು, ನಿಯಮದಂತೆ ಸದರಿಯವರಿಗೆ ಗುತ್ತಿಗೆದಾರರ ಮೂಲಕ ನೋಟೀಸು ನೀಡಿ ಅಭಿಪ್ರಾಯ ಕೇಳಲಾಗಿತ್ತು. ಶ್ರೀ ಮಂಗೇಶ ಗಾಂವಕರ ಇವರು ಸದರಿ ಮಾಹಿತಿಯನ್ನು ಯಾರಿಗೂ ನೀಡಕೂಡದೆಂದು ಲಿಖಿತ ಆಕ್ಷೇಪಣೆ ಸಲ್ಲಿಸಿರುವುದರಿಂದ ಮಾಹಿತಿ ಒದಗಿಸಲು ಅವಕಾಶವಿರುವುದಿಲ್ಲ. ಈ ತೀರ್ಮಾನದಿಂದ ಬಾಧಿತರಾದಲ್ಲಿ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.

ತಮ್ಮ ವಿಶ್ವಾಸಿ,
ವನಮಾಲಾ ಹೆಗಡೆ
ಸಾರ್ವಜನಿಕ ಮಾಹಿತಿ ಅಧಿಕಾರಿ

*

ಅಂಕೋಲಾ
14 ಜನವರಿ 2025

ಸತೀಶ ಅವರೇ,

ಇವತ್ತು ಸಂಕ್ರಾಂತಿ. ಎಳ್ಳು ಬೆಲ್ಲ ಹಂಚಿ ಬಂದು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಕಚೇರಿಯ ಉತ್ತರ ಬಂತು. ರಾಮನಾಥನಿಗೆ ಹೇಳಿದ್ದು ನೀವಲ್ಲ, ನೋಟೀಸೇ ಅವನ ಕೈ ದಾಟಿ ಹೋಗಿದೆ ಎಂದು ತಿಳಿಯಿತು. ಅಷ್ಟರ ಮಟ್ಟಿಗೆ ನಿಮ್ಮ ಮೇಲೆ ತಪ್ಪು ತಿಳಿದಿದ್ದೆ. ಆದರೆ ಇದರಿಂದ ನನ್ನ ಮನಸ್ಸು ಹಗುರವಾಗಲಿಲ್ಲ. ನನಗೆ ತೋರಿಸಬೇಡಿ ಎಂದು ಬರೆದುಕೊಟ್ಟವರು ನನ್ನ ಗಂಡ. ಅರ್ಜಿ ಹಾಕಿದ್ದು ನಾನೇ ಎಂದು ತಿಳಿದೂ ಒಂದೇ ಮನೆಯಲ್ಲಿ ತುಟಿ ಬಿಚ್ಚದೆ ಇದ್ದಾರೆ. ನಾನೂ ತಿಳಿಯದವಳ ಹಾಗೆ ಅನ್ನ ಬಡಿಸುತ್ತಿದ್ದೇನೆ.

ಅಂದರೆ ಭತ್ಯೆ ಬಂದಿದೆ. ಅದು ನನ್ನ ಮನೆಗೆ ಬಾರದೆ ಬೇರೆ ಎಲ್ಲಿಗೋ ಹೋಗುತ್ತಿದೆ. ಪ್ರತಿ ಭಾನುವಾರ ಹೋಗುವ ಕಡೆಗೇ ಇರಬೇಕು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ಅವರಿಗೆ ಬೇರೆ ಸಂಸಾರ ಇದೆಯೇ? ನೀವು ಮಾತು ಕೊಟ್ಟದ್ದು ಅದನ್ನು ಮುಚ್ಚಿಡಲಿಕ್ಕೋ? ಹೌದು ಅಥವಾ ಇಲ್ಲ, ಒಂದು ಶಬ್ದ ಬರೆಯಿರಿ.

ಮೇಲ್ಮನವಿಯನ್ನು ಬೆಳಿಗ್ಗೆಯೇ ಅಂಚೆಗೆ ಹಾಕಿದ್ದೇನೆ.

ಸುಗಂಧಾ

*

ಅಂಕೋಲಾ
3 ಫೆಬ್ರವರಿ 2025

ಸತೀಶ,

ನೀನು ಉತ್ತರ ಬರೆಯಲಿಲ್ಲ. ಬರೆದಿದ್ದರೂ ನಾನು ನಂಬುತ್ತಿರಲಿಲ್ಲವೇನೋ. ಅದಕ್ಕೇ ನಿನ್ನೆ ನಾನೇ ಹೋದೆ.

ಇವರು ಬಾಳೆಗುಳಿಯ ಕಡೆಗೆ ಹೋಗುವವರೇ ಅಲ್ಲ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ನೇರವಾಗಿ ಕಾರವಾರದ ಬಸ್ಸು ಹತ್ತಿ ಹಿಂದುಗಡೆ ನಿಂತರು. ನಾನು ಓಢಣಿಯಲ್ಲಿ ಮುಖ ಮುಚ್ಚಿಕೊಂಡು ಮುಂದೆ ಹೆಂಗಸರ ಸೀಟಿನಲ್ಲಿ ಕೂತಿದ್ದೆ. ಕಾರವಾರದಲ್ಲಿ ಇಳಿದಾಗ ನೀನು ಬೈಕ್ ಹಿಡಿದುಕೊಂಡು ಕಾಯುತ್ತಿದ್ದೆ. ಆಟೋ ಹತ್ತಿ ಆ ಬೈಕಿನ ಹಿಂದೆ ಹೋಗಲು ಹೇಳಿದೆ.

ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ಎಂತ ಗಲಾಟೆ ಆಗೂದಿಲ್ಲಲ್ಲ ಅಕ್ಕಾ?" ಎಂದ.

"ಗೊತ್ತಿಲ್ಲ," ಎಂದೆ.

ಕಡವಾಡ ದಾಟಿ ಕಾಳಿ ನದಿಯ ದಡಕ್ಕೆ ಹೋಗುವ ಮಣ್ಣಿನ ದಾರಿಯಲ್ಲಿ ನೀವು ತಿರುಗಿದಿರಿ. ಆಟೋ ಅಲ್ಲೇ ನಿಲ್ಲಿಸಿ ನಡೆದೆ. ತೆಂಗಿನ ಮರಗಳ ನಡುವೆ ಎರಡು ಮೂರು ಮನೆಗಳಿದ್ದವು. ಯಾವ ಮನೆಯ ಬಾಗಿಲು ತೆರೆಯುತ್ತದೆ, ಯಾರು ಹೊರಗೆ ಬರುತ್ತಾಳೆ ಎಂದು ನೋಡುತ್ತಲೇ ಬಂದೆ. ಯಾರೂ ಬರಲಿಲ್ಲ. ನೀರಿನ ಕಡೆಯಿಂದ ನಿನ್ನ ದನಿ ಕೇಳಿಸಿತು.

ಅಲ್ಲಿ ಕಂಡದ್ದನ್ನು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆದರೆ ನನಗೆ ಅದು ನಿಜ ಅನಿಸೀತು. ಹೊಳೆ ಅಲುಗಾಡದೆ ನಿಂತಿತ್ತು. ಮದುವೆಯಾದ ವರ್ಷ ಬಂಡೆಯಿಂದ ಕಡಲಿಗೆ ಹಾರಿ ನನ್ನನ್ನು ಹೆದರಿಸಿದ ಮನುಷ್ಯ ಆ ನೀರಿನಲ್ಲಿ ಮೊಣಕಾಲಿನವರೆಗೆ ನಿಂತು ನಿನ್ನ ಹೆಗಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನೀನು, "ಇನ್ನೊಂದೇ ಹೆಜ್ಜೆ ಅಣ್ಣಾ, ನಾ ಬಿಡೂದಿಲ್ಲ," ಎನ್ನುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು. ಅವರ ಬೆನ್ನು ಚಳಿಜ್ವರ ಬಂದವರ ಬೆನ್ನಿನ ಹಾಗೆ ನಡುಗುತ್ತಿತ್ತು.

ನಾನು ಕರೆಯಲಿಲ್ಲ. ಹಾಗೇ ಹಿಂದಿರುಗಿದೆ. ಆಟೋದವನು, "ಸಿಕ್ಕಿದ್ರಾ?" ಎಂದು ಕೇಳಿದ. ಬಸ್‌ಸ್ಟ್ಯಾಂಡಿಗೆ ಬಿಡು ಎಂದೆ.

ಏನಾಗಿದೆ ಸತೀಶ? ಈಗ ಹೇಳು. ಹೇಳಿದರೆ ನಿನ್ನ ಮಾತು ಮುರಿದ ಹಾಗಾಗುವುದಿಲ್ಲ, ಅರ್ಧ ನಾನೇ ಕಂಡುಕೊಂಡಿದ್ದೇನೆ.

ಸುಗಂಧಾ ವೈನಿ

*

ಕಾರವಾರ
8 ಫೆಬ್ರವರಿ 2025

ವೈನಿ,

ನಿಮ್ಮ ಸಂಕ್ರಾಂತಿಯ ಕಾಗದಕ್ಕೆ 'ಇಲ್ಲ' ಎಂದು ಒಂದು ಶಬ್ದ ಬರೆಯಬಹುದಿತ್ತು. ಇಲ್ಲ ಎಂದರೆ ಮತ್ತೇನು ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಹೆದರಿದೆ. ತಪ್ಪಾಯಿತು.

ಎರಡು ಮಳೆಗಾಲದ ಹಿಂದೆ ನದಿಬಾಗದಲ್ಲಿ ಒಬ್ಬ ಪ್ರವಾಸಿ ಮುಳುಗಿದ್ದು ನಿಮಗೆ ಗೊತ್ತಿದೆ. ತಾನು ಹೋಗುವಷ್ಟರಲ್ಲಿ ತಡವಾಗಿತ್ತು ಎಂದು ಮಂಗೇಶಣ್ಣ ನಿಮಗೆ ಹೇಳಿರಬೇಕು. ತಡವಾಗಿರಲಿಲ್ಲ. ಆ ಮನುಷ್ಯನ ಕೈ ಅಣ್ಣನಿಗೆ ಸಿಕ್ಕಿತ್ತು. ನಾನು ಹಗ್ಗ ಹಿಡಿದು ದಡದಲ್ಲಿದ್ದೆ, ನನಗೆ ಇಬ್ಬರ ಮುಖವೂ ಕಾಣುತ್ತಿತ್ತು. ಒಂದು ದೊಡ್ಡ ಅಲೆ ಬಂದು ಹೋದಾಗ ಅಣ್ಣ ಒಬ್ಬರೇ ಇದ್ದರು. ಆ ಮನುಷ್ಯನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ಅಳಲಿಲ್ಲ. ಅಣ್ಣ ದಡಕ್ಕೆ ಬಂದಾಗ "ಯಾಕೆ ಬಿಟ್ರಿ?" ಎಂದು ಕೇಳಿದಳು, ಅಷ್ಟೇ.

ಹೋದ ಜೂನ್‌ನಲ್ಲಿ ಮತ್ತೆ ಕಾವಲಿಗೆ ಬಂದ ಮೊದಲ ದಿನ ಅಣ್ಣ ಸೊಂಟದಷ್ಟು ನೀರಿಗೆ ಇಳಿದವರು ಕಾಲು ಎತ್ತಲಾಗದೆ ನಿಂತುಬಿಟ್ಟರು. ನಾನೇ ಎಳೆದು ತಂದೆ. ಗಾಳಿಮರಗಳ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ಆಮೇಲೆ ನನ್ನ ಕೈಯಲ್ಲೇ ಗುತ್ತಿಗೆದಾರರ ಮೂಲಕ ಘಟಕಕ್ಕೆ ಒಂದು ಮನವಿ ಬರೆಸಿದರು, ತನಗೆ ನೀರಿನ ಕೆಲಸ ಬೇಡ, ದಡದಲ್ಲಿ ಕೆಂಪು ಬಾವುಟ ಮತ್ತು ಸೀಟಿಯ ಕಾವಲು ಕೊಡಬೇಕು ಎಂದು. ನೀವು ಕೇಳಿದ ಕಡತದಲ್ಲಿರುವುದು ಅದೇ. ಅದು ನಿಮ್ಮ ಕೈಗೆ ಸಿಗಬಾರದು ಎಂದು ಅಣ್ಣ ಆಕ್ಷೇಪಣೆ ಹಾಕಿದರು. "ಅವಳಿಗೆ ಮಾತ್ರ ಗೊತ್ತಾಗೂದು ಬೇಡ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಮನವಿ ಓದಿದ ರಾಮನಾಥ ಸಿಟ್ಟಾಗಲಿಲ್ಲ. "ಆಯ್ತು, ದಡದಲ್ಲೇ ನಿಲ್ಲು. ದಡಕ್ಕೆ ಭತ್ಯೆ ಇಲ್ಲ, ಕೇಳೂಕೆ ಬರಬೇಡ. ಹೆದ್ರಿದವ್ನನ್ನ ಕಾವಲಿಗೆ ಇಟ್ಟದ್ದು ಹೊರಗೆ ಬಿದ್ರೆ ನಿನ್ನ ಕೆಲಸವೂ ಇಲ್ಲ," ಎಂದ. ನಾವಿಬ್ಬರೂ ಅದನ್ನು ನಂಬಿದೆವು. ಮಳೆಗಾಲ ಮುಗಿದ ಮೇಲೆ ಅವನೇ ಕರೆದು ನನಗೆ ಈ ಕೆಲಸ ಕೊಟ್ಟ. ಅದಕ್ಕೇ ಬಾಯಿ ಮುಚ್ಚಿಕೊಂಡೆ ಎಂದು ನೀವು ತಿಳಿದರೆ, ಪೂರ್ತಿ ಸುಳ್ಳು ಎಂದು ಹೇಳುವ ಧೈರ್ಯ ನನಗಿಲ್ಲ.

ಒಂದು ಮಾತು. ನಿಮಗೆ ಕಳಿಸಿದ ಆದೇಶವನ್ನು ಸರಿಯಾಗಿ ಓದಿದಿರಾ? ಸಿಟ್ಟಿನಲ್ಲಿ ಬಿಟ್ಟಿರಬಹುದು. ಮಳೆಗಾಲದಲ್ಲಿ ಕಡಲತೀರದ ಕರ್ತವ್ಯಕ್ಕೆ ನಿಯೋಜಿಸಿದ ಎಲ್ಲ ಹಂಗಾಮಿ ಕಾವಲುಗಾರರಿಗೆ ಎಂದು ಅದರಲ್ಲಿದೆ. ನೀರಿಗೆ ಇಳಿದವರಿಗೆ ಮಾತ್ರ ಎಂದು ಎಲ್ಲೂ ಇಲ್ಲ. ನಾನೂ ಅದನ್ನು ಓದಿದ್ದು ನಿಮಗೆ ಕಳಿಸಲು ಪ್ರತಿ ತೆಗೆದ ದಿನವೇ.

ಸತೀಶ

*

ಅಂಕೋಲಾ
27 ಫೆಬ್ರವರಿ 2025

ಪ್ರಿಯ ಸತೀಶ,

ಮೊನ್ನೆಯ ಮೇಲ್ಮನವಿ ವಿಚಾರಣೆಯ ದಿನ ನೀನು ಅದೇ ಕಟ್ಟಡದಲ್ಲಿದ್ದೂ ಒಳಗೆ ಬರುವಂತಿರಲಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ನಿನ್ನ ಕಾಗದ ಬಂದ ಸಂಜೆ ಇವರ ಪಕ್ಕ ಕೂತು, "ನಾ ಆ ಭಾನುವಾರ ಕಡವಾಡಕ್ಕೆ ಬಂದಿದ್ದೆ," ಎಂದೆ. ನಾನು ಆದೇಶವನ್ನು ಓದಿ ಹೇಳಿದೆ. "ನಿಮ್ಮ ಮನವಿಯ ಪ್ರತಿ ನಂಗೆ ಬೇಡ. ವಿಚಾರಣೆಯಲ್ಲಿ ಆ ಅಂಶ ಬಿಟ್ಟುಬಿಡ್ತೆ," ಎಂದೆ. "ಊರಿಗೆಲ್ಲ ಗೊತ್ತಾದ್ರೆ ನಿಶಾಳನ್ನ ಶಾಲೆಯಲ್ಲಿ ಆಡ್ಕಂತಾರೆ," ಎಂದು ಇವರು ಕಡೆಗೆ ಅಷ್ಟೇ ಹೇಳಿದರು.

ವಿಚಾರಣೆಯ ದಿನ ನಾನು ಒಬ್ಬಳೇ ಹೊರಟೆ. ಬಸ್‌ಸ್ಟ್ಯಾಂಡಿಗೆ ಹೋದರೆ ಇಸ್ತ್ರಿ ಅಂಗಿ ಹಾಕಿಕೊಂಡು ಇವರು ನನಗಿಂತ ಮೊದಲೇ ನಿಂತಿದ್ದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಬಂದರು. ನನ್ನ ವಿರುದ್ಧ ಹೇಳಲು ಬರುತ್ತಿದ್ದಾರೋ ಎಂಬ ಅನುಮಾನ ನನಗೆ ಬಾರದೇ ಇರಲಿಲ್ಲ. ಅನುಮಾನ ಅಷ್ಟು ಬೇಗ ಬಿಟ್ಟು ಹೋಗುವ ಕಾಯಿಲೆಯಲ್ಲ.

ರಾಮನಾಥ ಆಗಲೇ ಒಳಗೆ ಕೂತಿದ್ದ. ಮೇಲ್ಮನವಿ ಅಧಿಕಾರಿ ಕಡತ ನೋಡಿ, "ಆಕ್ಷೇಪಣೆ ಕೊಟ್ಟವರು ಯಾರು?" ಎಂದರು.

ಇವರು ಎದ್ದು ನಿಂತರು. "ನಾನೇ ಸಾಹೇಬ್ರೇ. ಈಗ ಆಕ್ಷೇಪಣೆ ಇಲ್ಲ."

"ಯಾಕೆ, ಮನೆಯಲ್ಲಿ ಒತ್ತಾಯ ಮಾಡಿದರಾ?"

"ಇಲ್ಲ. ಅವಳು ಬೇಡ ಅಂದಿದ್ಲು. ಆ ಕಾಗದದಲ್ಲಿ ಇದ್ದದ್ದನ್ನ ನಾ ಬಾಯಲ್ಲೇ ಹೇಳ್ತೆ. ಒಬ್ಬ ಮನುಷ್ಯ ನನ್ನ ಕೈಯಿಂದ ಜಾರಿ ಹೋದ. ಅಂದಿನಿಂದ ನಂಗೆ ನೀರು ಕಂಡ್ರೆ ಹೆದ್ರಿಕೆ. ಅದ್ಕೆ ದಡದ ಕಾವಲು ಕೇಳ್ದೆ. ಬಾವುಟ ಹಿಡ್ದು ನಾ ನಿಂತ ಮಳೆಗಾಲದಲ್ಲಿ ನಮ್ಮ ದಂಡೆಯಲ್ಲಿ ಯಾರೂ ಮುಳುಗ್ಲಿಲ್ಲ. ಆ ಕೆಲ್ಸಕ್ಕೆ ಭತ್ಯೆ ಅದ್ಯೋ ಇಲ್ವೋ, ನೀವೇ ನೋಡಿ ಹೇಳಿ."

ವನಮಾಲಾ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಗುತ್ತಿಗೆದಾರರ ಬಿಲ್ಲು ತೆರೆದರು. ಅದರಲ್ಲಿ ಇವರ ಹೆಸರಿನಲ್ಲೂ ರಾಮನಾಥ ಭತ್ಯೆ ಕೇಳಿ ಪಡೆದಾಗಿತ್ತು. "ಇದು ಎಂಥದ್ದು?" ಎಂದು ಅವರು ಕೇಳಿದ್ದಕ್ಕೆ ರಾಮನಾಥ, ಆಫೀಸಿನ ಹುಡುಗರ ಕಣ್ತಪ್ಪು ಎಂದ. ಎಲ್ಲ ಕಾಗದಗಳ ಪ್ರತಿ ಕೊಡಬೇಕೆಂದು ಅಧಿಕಾರಿ ಬರೆದರು. ಅದನ್ನು ಇಟ್ಟುಕೊಂಡು ನಾಳೆ ದೂರು ಕೊಡುವವಳಿದ್ದೇನೆ.

ಹೊರಗೆ ಬಂದ ಮೇಲೆ ಇವರು ಚಹಾ ಕುಡಿಯೋಣ ಎಂದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ನಾನು ಬೇರೆ ಕಡೆ ನೋಡಿದೆ.

ನಿನ್ನ ಕೆಲಸಕ್ಕೆ ಇದರಿಂದ ತೊಂದರೆ ಬಂದೀತು. ಹುಷಾರಾಗಿರು.

ನಿನ್ನ,
ವೈನಿ

*

ಕಾಣಕೋಣ, ಗೋವಾ
19 ಏಪ್ರಿಲ್ 2025

ವೈನಿ,

ನೀವು ಹೇಳಿದ ಹಾಗೇ ಆಯಿತು. ಮಾರ್ಚ್ ಕಡೆಗೆ ನನ್ನ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಇಲ್ಲಿ ಒಂದು ರೆಸಾರ್ಟಿನ ಈಜುಕೊಳದ ಕಾವಲು. ನೀರಿಗೆ ಅಲೆಯೇ ಇಲ್ಲ, ನೋಡುತ್ತಾ ಕೂತರೆ ನಿದ್ದೆ ಬರುತ್ತದೆ. ಚೆಂಡಿಯಾದಲ್ಲಿ ನಮ್ಮ ಅಜ್ಜನ ಮನೆಯ ಜಾಗವನ್ನು ಸರಕಾರ ನೌಕಾನೆಲೆಗೆ ತೆಗೆದುಕೊಂಡಾಗ ಅವನು, ಕಡಲು ಎಲ್ಲಿ ಹೋದರೂ ಸಿಗುತ್ತದೆ ಎಂದು ಸಮಾಧಾನ ಹೇಳುತ್ತಿದ್ದನಂತೆ. ಇಲ್ಲಿಗೆ ಬಂದ ಮೇಲೆ ಅವನು ಅದನ್ನು ಎಷ್ಟು ನಂಬಿದ್ದನೋ ಎಂದು ಅನುಮಾನವಾಗುತ್ತದೆ.

ಭಾನುವಾರ ಅಣ್ಣನ ಜೊತೆ ಹೊಳೆಗೆ ಹೋಗುವುದು ನಿಂತಿತು. ಅದೊಂದೇ ಬೇಸರ. ಅವರು ಸೊಂಟದವರೆಗೆ ಬರತೊಡಗಿದ್ದರು.

ಸತೀಶ

*

ಅಂಕೋಲಾ
6 ಜುಲೈ 2025

ಪ್ರಿಯ ಸತೀಶ,

ಉತ್ತರ ಬರೆಯಲು ತಡವಾಯಿತು. ಬರೆಯುವಂಥದ್ದು ಏನಾದರೂ ಆಗಲಿ ಎಂದು ಕಾದೆ.

ಮೇ ತಿಂಗಳಲ್ಲಿ ಇವರ ಭತ್ಯೆ ಜಮಾ ಆಯಿತು. ದೂರಿನ ವಿಚಾರಣೆ ನಡೆಯುತ್ತಲೇ ಇದೆ. ಈ ವರ್ಷದ ಗುತ್ತಿಗೆಯೂ ರಾಮನಾಥನದ್ದೇ. ಆದರೆ ಕಾವಲಿಗೆ ಜನ ತೆಗೆದುಕೊಳ್ಳುವ ದಿನ ವನಮಾಲಾ ಮೇಡಂ ತಾವೇ ನದಿಬಾಗಕ್ಕೆ ಬಂದು ಕೊಡೆ ಹಿಡಿದು ನಿಂತಿದ್ದರು, ಹಾಗಾಗಿ ಅವನಿಂದ ಇವರನ್ನು ಕೈಬಿಡಲಾಗಲಿಲ್ಲ. ನಾನೂ ಹೋಗಿದ್ದೆ. ಅವನು ಇವರಿಗೆ ಏನು ಹೇಳುತ್ತಾನೆ ಎಂದು ನನ್ನ ಕಿವಿಯಿಂದಲೇ ಕೇಳಬೇಕಿತ್ತು.

ಅವನು ಎಲ್ಲರ ಮುಂದೆ ನಗುತ್ತಾ ಕೇಳಿದ. "ದಡಕ್ಕೂ ಅಷ್ಟೇ ಭತ್ಯೆ ಅಂತ ಈಗ ಗೊತ್ತಾಯ್ತಲ್ಲ. ಮಂಗೇಶ ಬಿಟ್ಟು ಮತ್ಯಾರಿಗೆ ದಡ ಬೇಕು? ಕೈ ಎತ್ತಿ."

ಅವನು ಕೇಳಿದ್ದು ಇವರನ್ನು ಹೀಯಾಳಿಸಲಿಕ್ಕೆ. ಯಾರೂ ಎತ್ತುವುದಿಲ್ಲ ಎಂದುಕೊಂಡಿದ್ದ. ಜಟ್ಟು ಮಾಮ ಕೈ ಎತ್ತಿದ.

"ನಿಂಗೂ ಹೆದ್ರಿಕೆಯಾ?" ಎಂದ ರಾಮನಾಥ.

"ಹೌದು. ಇವತ್ತಿಂದಲ್ಲ. ನಿಂಗೆ ಗುತ್ತಿಗೆ ಬರೂಕೆ ಮೊದ್ಲೇ ಕೇಣಿ ದಂಡೆಯಲ್ಲಿ ನನ್ನ ಕೈಯಿಂದಲೂ ಒಬ್ಬ ಹೋದ. ಅಂದಿನಿಂದ ಪ್ರತಿ ಸಲ ಇಳಿವಾಗ ಇದೇ ಕಡೇದು ಅಂದ್ಕಂಡು ಇಳಿತೆ. ಹೇಳ್ಲಿಲ್ಲ ಅಷ್ಟೇ."

ಆಮೇಲೆ ಕಾವಲಿಗೆ ಬಂದಿದ್ದ ಪ್ರದೀಪನೂ ಕೈ ಎತ್ತಿದ. ರಾಮನಾಥ ಏನೋ ಹೇಳಲು ಹೊರಟಿದ್ದ, ಮೇಡಂ ತಡೆದರು. ಎಲ್ಲರೂ ದಡದಲ್ಲಿ ನಿಂತರೆ ನೀರಿಗೆ ಯಾರು ಎಂಬ ಪ್ರಶ್ನೆ ಬಂತು. ವಾರಕ್ಕೊಮ್ಮೆ ಪಾಳಿ ಬದಲಿಸೋಣ, ಎಲ್ಲರಿಗೂ ಒಂದು ವಾರ ದಡ, ಒಂದು ವಾರ ನೀರು, ನೀರಿನವರಿಗೆ ಹಗ್ಗ ಮತ್ತು ತೇಲುವ ಜಾಕೆಟ್ಟು ಇರಲೇಬೇಕು ಎಂದು ಪ್ರದೀಪನೇ ಹೇಳಿದ. ಮೇಡಂ ಅಲ್ಲೇ ಬರೆದುಕೊಂಡರು. ಇನ್ನು ಮುಂದೆ ದಡ ಬೇಕೆಂದು ಯಾರೂ ಮನವಿ ಬರೆಯಬೇಕಾಗಿಲ್ಲ. ಇವರು ಬಗ್ಗಿ ಕಾಲಿನ ಮರಳು ಒರೆಸಿಕೊಳ್ಳುತ್ತಿದ್ದರು. ಎಷ್ಟು ಹೊತ್ತು ಒರೆಸಿದರೆಂದರೆ, ಮುಖ ಎತ್ತಲು ಆಗುತ್ತಿಲ್ಲ ಎಂದು ನನಗೆ ತಿಳಿಯಿತು.

ಹೋದ ಸೋಮವಾರದಿಂದ ಇವರದು ನೀರಿನ ಪಾಳಿ. ನನಗೆ ಹೇಳಲಿಲ್ಲ. ಕಚೇರಿಯವರು ಅಂಟಿಸುವ ಪಾಳಿಯ ಪಟ್ಟಿ ನಮ್ಮ ಅಂಗಡಿಯಲ್ಲೇ ಪ್ರತಿಯಾಗುವುದು, ಹಾಗಾಗಿ ಗೊತ್ತು. ಬೇಡ ಎಂದು ಬೇರೆಯವರ ಜೊತೆ ಬದಲಾಯಿಸಿಕೊಂಡರೋ, ಇಳಿದರೋ ಗೊತ್ತಿಲ್ಲ. ಜಟ್ಟು ಮಾಮ ನಿನ್ನೆ ಅಂಗಡಿಗೆ ಬಂದಿದ್ದ. ಕೇಳಬಹುದಿತ್ತು. ಬಾಯಿಯವರೆಗೂ ಬಂತು. ಮಳೆ ಜೋರಿದೆ ಅಲ್ಲವೇ ಎಂದೆ.

ಸಂಜೆ ಇವರು ಮನೆಗೆ ಬಂದು ಒದ್ದೆ ಬಟ್ಟೆ ತೆಗೆದು ಬಚ್ಚಲಲ್ಲಿ ಹಾಕಿದರು. ಈ ಕಾಲದಲ್ಲಿ ಕಾವಲಿಗೆ ನಿಂತವರ ಬಟ್ಟೆ ಹೇಗೂ ಒದ್ದೆಯೇ. ಮಳೆಯ ನೀರೋ ಕಡಲಿನದೋ ನೋಡಿದರೆ ತಿಳಿಯುವುದಿಲ್ಲ. ಅಂಗಿಯ ತುದಿ ನಾಲಿಗೆಗೆ ತಾಗಿಸಿದರೆ ಸಾಕು, ಉಪ್ಪು ಹೇಳಿಬಿಡುತ್ತದೆ. ನಾನು ಆ ಅಂಗಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ.

ಹಾಗೇ ಬಕೆಟ್ಟಿಗೆ ಹಾಕಿ ನೀರು ಬಿಟ್ಟೆ.

ನಿನ್ನ,
ಸುಗಂಧಾ ವೈನಿ